ಸಂಜೆ ನಾಲ್ಕೂವರೆಯ ಹಸಿವು: ಶಾಲೆಗೆ ಹೋಗೋ ಮಕ್ಕಳ ಊಟದ ಬಗ್ಗೆ



ಇವತ್ತು ಮಾತಾಡೋದು ನಮ್ಮ ಮಕ್ಕಳ ಊಟದ ಅಭ್ಯಾಸದ ಬಗ್ಗೆ. ಐದಾರು ವರ್ಷದಿಂದ ಹದಿಮೂರು ಹದಿನಾಲ್ಕು ವರ್ಷದವರೆಗಿನ, ಶಾಲೆಗೆ ಹೋಗೋ ಮಕ್ಕಳು. ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರೂ ಅಲ್ಲ, ಡಯೆಟಿಷಿಯನ್ನೂ ಅಲ್ಲ. ಎಂಟೆಕ್ ಮಾಡಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವನು. ನಮ್ಮೂರು ತುಮಕೂರು ಕಡೆ. ನನ್ನ ಹೆಂಡತಿ ಕಲಬುರಗಿಯವರು, ಅವರೂ ಐಟಿಯಲ್ಲೇ ಇದ್ದಾರೆ. ಎರಡು ವರ್ಷ ವಿಜಯವಾಡದಲ್ಲಿದ್ವಿ, ಈಗ ಮೂರು ವರ್ಷದಿಂದ ವಿಶಾಖಪಟ್ಟಣ. ಮಗಳು ನಾಲ್ಕನೇ ಕ್ಲಾಸು, ಮಗ ಒಂದನೇ ಕ್ಲಾಸು. ಇದನ್ನ ನೋಡ್ತಾ ಇರೋ ನಿಮ್ಮಲ್ಲಿ ಬಹಳ ಜನರ ಮನೆಯ ಲೆಕ್ಕವೂ ಹೆಚ್ಚುಕಮ್ಮಿ ಇದೇ ಇರುತ್ತೆ. ಇಬ್ಬರೂ ದುಡಿಯೋರು, ಅಜ್ಜಿ ತಾತ ಊರಲ್ಲಿ, ಸಂಜೆ ಏಳೂವರೆಗೆ ಅಮೆರಿಕದ ಕಾಲ್.

ನಾನು ಹೇಳಬೇಕು ಅಂದ್ಕೊಂಡಿರೋದು ಒಂದೇ ವಿಷಯ. "ನಮ್ಮ ಮಗು ಸರಿಯಾಗಿ ತಿನ್ನಲ್ಲ" ಅಂತ ನಾವು ಹೇಳ್ತೀವಲ್ಲ, ಅದರಲ್ಲಿ ಬಹುಪಾಲು ಮಗುವಿನ ನಾಲಿಗೆಯ ಸಮಸ್ಯೆ ಅಲ್ಲ, ಮನೆಯ ಟೈಮ್‌ಟೇಬಲ್ ಸಮಸ್ಯೆ. ಟೈಮ್‌ಟೇಬಲ್ ಸರಿ ಮಾಡೋದು ನಮ್ಮ ಕೈಲಿದೆ. ಮಗುವಿನ ಬಾಯಿ ನಮ್ಮ ಕೈಲಿಲ್ಲ.

ಇದು ಶುರುವಾಗಿದ್ದು ಹೋದ ವರ್ಷ ಮಗಳ ರಕ್ತಪರೀಕ್ಷೆಯಿಂದ. ಸುಸ್ತು ಅಂತ ಕರ್ಕೊಂಡು ಹೋಗಿದ್ವಿ. ಅವಳ ವಯಸ್ಸಿಗೆ ಹಿಮೋಗ್ಲೋಬಿನ್ ಕಡೇಪಕ್ಷ 11.5 ಇರಬೇಕು, ಅವಳದ್ದು 10.8 ಬಂತು. ಮಕ್ಕಳ ಡಾಕ್ಟರು ಕಬ್ಬಿಣದ ಸಿರಪ್ ಬರೆದರು, ಜಂತುಹುಳದ ಮಾತ್ರೆ ಕೊಟ್ಟರು, ಆಮೇಲೆ ಒಂದು ಕೆಲಸ ಹೇಳಿದರು: "ಒಂದು ವಾರ ಅವಳು ತಿಂದಿದ್ದೆಲ್ಲ ಬರೆದು ತನ್ನಿ. ನೀವು ಮಾಡಿದ್ದು ಬೇಡ, ಅವಳು ತಿಂದಿದ್ದು."

ಇದು ನಮ್ಮ ಮನೆಯ ಕತೆ ಮಾತ್ರ ಅಂದ್ಕೋಬೇಡಿ. 2016ರಿಂದ 2018ರವರೆಗೆ ದೇಶದಾದ್ಯಂತ ಮಕ್ಕಳ ಪೌಷ್ಟಿಕತೆಯ ಸಮಗ್ರ ಸಮೀಕ್ಷೆ ನಡೀತು. ಅದರಲ್ಲಿ 5ರಿಂದ 9 ವರ್ಷದ ಮಕ್ಕಳಲ್ಲಿ ಶೇಕಡ 24ರಷ್ಟು ಜನಕ್ಕೆ ರಕ್ತಹೀನತೆ ಇತ್ತು. ಅದೇ ವಯಸ್ಸಿನ ಮಕ್ಕಳಲ್ಲಿ ಶೇಕಡ 10ರಷ್ಟು ಜನಕ್ಕೆ ರಕ್ತದಲ್ಲಿ ಸಕ್ಕರೆ ಇರಬೇಕಾದ್ದಕ್ಕಿಂತ ಜಾಸ್ತಿ, ಅಂದ್ರೆ ಸಕ್ಕರೆ ಕಾಯಿಲೆಯ ಹಿಂದಿನ ಹಂತ. ಒಂದು ಕಡೆ ಕಬ್ಬಿಣ ಕಮ್ಮಿ, ಇನ್ನೊಂದು ಕಡೆ ಸಕ್ಕರೆ ಜಾಸ್ತಿ, ಎರಡೂ ಒಂದೇ ದೇಶದಲ್ಲಿ. ಕೆಲವು ಸಲ ಎರಡೂ ಒಂದೇ ಮನೆಯಲ್ಲಿ.

ಸರಿ, ಬರೆಯೋಕೆ ಶುರು ಮಾಡಿದ್ವಿ. ಎಕ್ಸೆಲ್ ಶೀಟು, ನಾಲ್ಕು ಕಾಲಮ್ಮು: ಟೈಮು, ಏನು, ಎಷ್ಟು, ಯಾರ ಜೊತೆ. ಪ್ರೊಡಕ್ಷನ್‌ನಲ್ಲಿ ಏನಾದರೂ ಬಿದ್ದಾಗ ನಾವು ಮೊದಲು ಲಾಗ್ ನೋಡ್ತೀವಲ್ಲ, ಹಾಗೆ. ವಾರ ಮುಗಿದ ಮೇಲೆ ಕಂಡ ಸರಣಿ ಇದು. ಬೆಳಗ್ಗೆ ಏಳೂಕಾಲಿಗೆ ತಿಂಡಿ, ಅರ್ಧ ಇಡ್ಲಿ. ಏಳೂ ನಲವತ್ತಕ್ಕೆ ಬಸ್ಸು. ಹನ್ನೆರಡೂವರೆಗೆ ಊಟದ ಡಬ್ಬಿ, ಐದು ದಿನದಲ್ಲಿ ಮೂರು ದಿನ ಅರ್ಧ ವಾಪಸ್. ನಾಲ್ಕೂಕಾಲಿಗೆ ಮನೆಗೆ ಬಂದಾಗ ಹೊಟ್ಟೆಯಲ್ಲಿ ಬೆಂಕಿ. ಆಗ ಕೈಗೆ ಸಿಗೋದು ಬಿಸ್ಕೆಟ್ಟು, ಚಿಪ್ಸು, ಇಲ್ಲಾಂದ್ರೆ ನೂಡಲ್ಸು. ಐದೂವರೆಗೆ ಇನ್ನೊಂದು ಸುತ್ತು. ರಾತ್ರಿ ಕಾಲ್ ಎಲ್ಲ ಮುಗಿದು ಒಂಬತ್ತೂಕಾಲಿಗೆ ತಟ್ಟೆ ಇಟ್ಟರೆ ಹಸಿವಿಲ್ಲ, ನಿದ್ದೆ ಬೇರೆ. ಎರಡು ತುತ್ತಿಗೆ ಗಲಾಟೆ. ಮಲಗೋದು ಹತ್ತೂವರೆ. ಬೆಳಗ್ಗೆ ಆರೂವರೆಗೆ ಎಬ್ಬಿಸಿದರೆ ನಿದ್ದೆ ಸಾಲದು, ಹಸಿವಿಲ್ಲ, ಮತ್ತೆ ಅರ್ಧ ಇಡ್ಲಿ.

ಇದು ಒಂದು ಲೂಪ್. ನಾವು ಜಗಳ ಆಡೋದು ರಾತ್ರಿ ಒಂಬತ್ತೂಕಾಲಿಗೆ, ಆದರೆ ಊಟ ಕೆಟ್ಟಿರೋದು ಸಂಜೆ ನಾಲ್ಕೂವರೆಗೆ. ಮಧ್ಯಾಹ್ನದ ಊಟ ಆಗಿ ನಾಲ್ಕು ಗಂಟೆ ಆಗಿರುತ್ತೆ, ಬಸ್ಸಿನಲ್ಲಿ ಕೂತು ಬಂದಿರುತ್ತೆ. ಆ ಹೊತ್ತಿಗೆ ಮಗುವಿಗೆ ಇಡೀ ದಿನದಲ್ಲೇ ಜೋರು ಹಸಿವು. ಅಷ್ಟು ಒಳ್ಳೇ ಹಸಿವನ್ನ ಪ್ಯಾಕೆಟ್‌ಗೆ ಕೊಟ್ಟುಬಿಟ್ರೆ ಸೊಪ್ಪು ಬೇಳೆಗೆ ಏನು ಉಳಿಯುತ್ತೆ ಹೇಳಿ?

ಹಾಗಾಗಿ ಮೊದಲ ಮಾತು: ಸಂಜೆ ನಾಲ್ಕೂವರೆಯನ್ನ ಒಂದು ಸಣ್ಣ ಊಟ ಅಂತಲೇ ಲೆಕ್ಕ ಹಾಕಿ. ಸ್ನ್ಯಾಕ್ಸ್ ಅಂತ ಕರೆದ ತಕ್ಷಣ ಅದು ಅಂಗಡಿಯಿಂದ ಬರಬೇಕು ಅನ್ನೋ ಹಾಗೆ ಆಗುತ್ತೆ. ನಮ್ಮ ಮನೆಯಲ್ಲಿ ಈಗ ನಡೀತಿರೋದು ಇಷ್ಟೇ: ಕಡಲೆಕಾಳು ಇಲ್ಲಾ ಅಲಸಂದೆ ಉಸಲಿ, ಬೇಯಿಸಿದ ಕಡಲೆಕಾಯಿ, ಗೆಣಸು, ಮೊಸರವಲಕ್ಕಿ, ಬೆಂದ ಮೊಟ್ಟೆ, ಪೆಸರಟ್ಟು. ಕಾಳು ಹಿಂದಿನ ರಾತ್ರಿ ನೆನೆ ಹಾಕಿದರೆ ಬೆಳಗ್ಗೆ ಕುಕ್ಕರಲ್ಲಿ ಇತರೆ ಅಡುಗೆ ಜೊತೆಗೇ ಆಗುತ್ತೆ, ಫ್ರಿಜ್‌ನಲ್ಲಿಟ್ಟರೆ ಸಂಜೆ ಮಕ್ಕಳನ್ನ ನೋಡ್ಕೊಳೋ ಅಕ್ಕ ಒಂದು ಒಗ್ಗರಣೆ ಹಾಕಿ ಕೊಡ್ತಾರೆ. ಅವರು ಅದನ್ನ "ಗುಗ್ಗಿಳ್ಳು" ಅಂತಾರೆ. ನಮ್ಮ ಗುಗ್ಗರಿನೇ ಅದು! ಮೊಟ್ಟೆ ತಿನ್ನದ ಮನೆಯಾದರೆ ಕಾಳು, ಮೊಸರು, ಕಡಲೆಕಾಯಿ ಸಾಕಷ್ಟು ಕೆಲಸ ಮಾಡುತ್ತೆ.

ಎರಡನೇ ಮಾತು: ರಾತ್ರಿ ಊಟ ಕಾಲ್‌ಗಿಂತ ಮುಂಚೆ. ನಮ್ಮಲ್ಲಿ ಏಳು ಗಂಟೆಗೆ. ಇಬ್ಬರೂ ಕೂರೋಕೆ ಆಗದಿದ್ರೆ ಒಬ್ಬರು ಕೂರ್ತೀವಿ. ಟೇಬಲ್ ಮೇಲೆ ಫೋನ್ ಇರಲ್ಲ. ವಿಡಿಯೊ ನೋಡ್ತಾ ತಿನ್ನೋ ಮಗು ಜಾಸ್ತಿ ತಿನ್ನುತ್ತೆ ಅನ್ನಿಸಬಹುದು, ಆದರೆ ಅದಕ್ಕೆ ತನ್ನ ಹೊಟ್ಟೆ ತುಂಬಿದ್ದೂ ಗೊತ್ತಾಗಲ್ಲ, ಬಾಯಲ್ಲಿರೋದು ಹುರುಳಿಕಾಯೋ ಕ್ಯಾರೆಟ್ಟೋ ಅಂತಲೂ ಗೊತ್ತಾಗಲ್ಲ. ರುಚಿ ಗೊತ್ತಾಗದೆ ಅಭ್ಯಾಸ ಹೇಗಾಗುತ್ತೆ?

ಈಗ ಕಷ್ಟದ ಭಾಗಕ್ಕೆ ಬರೋಣ. ಟೈಮಿಗೆ ಸರಿಯಾಗಿ ತಟ್ಟೆ ಇಟ್ವಿ, ಮಗು ಪಲ್ಯ ಮುಟ್ಟಲಿಲ್ಲ. ಏನು ಮಾಡೋದು?

ಅಮೆರಿಕದಲ್ಲಿ ಎಲಿನ್ ಸ್ಯಾಟರ್ ಅನ್ನೋ ಆಹಾರತಜ್ಞೆ 1980ರ ದಶಕದಿಂದ ಹೇಳಿಕೊಂಡು ಬಂದ ಒಂದು ಸೂತ್ರ ಇದೆ. ಏನು, ಯಾವಾಗ, ಎಲ್ಲಿ ತಿನ್ನಬೇಕು ಅನ್ನೋದು ದೊಡ್ಡವರ ಜವಾಬ್ದಾರಿ. ಎಷ್ಟು ತಿನ್ನಬೇಕು, ಅಥವಾ ತಿನ್ನಲೇಬೇಕಾ ಅನ್ನೋದು ಮಗುವಿನ ಜವಾಬ್ದಾರಿ. ನಮ್ಮ ಮನೆಗಳಲ್ಲಿ ಬಹಳ ಸಲ ಇದು ತಲೆಕೆಳಗಾಗಿರುತ್ತೆ. "ಏನು ಬೇಕಮ್ಮಾ? ದೋಸೆನಾ, ಪಿಜ್ಜಾನಾ?" ಅಂತ ಮಗುವನ್ನ ಕೇಳ್ತೀವಿ. ಬಂದ ಮೇಲೆ "ಪೂರ್ತಿ ಖಾಲಿ ಮಾಡು" ಅಂತ ನಾವು ಆರ್ಡರ್ ಮಾಡ್ತೀವಿ.

ಒತ್ತಾಯ ಯಾಕೆ ಕೆಲಸ ಮಾಡಲ್ಲ ಅಂತ ಲಿಯಾನ್ ಬರ್ಚ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ಸಂಶೋಧನೆ ಮಾಡಿದ್ದಾರೆ. 2006ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಪುಟ್ಟ ಮಕ್ಕಳಿಗೆ ಎರಡು ಬಗೆಯ ಸೂಪ್ ಕೊಟ್ಟರು. ಒಂದಕ್ಕೆ "ಸೂಪ್ ಮುಗಿಸು" ಅಂತ ಹೇಳ್ತಾ ಇದ್ರು, ಇನ್ನೊಂದಕ್ಕೆ ಏನೂ ಹೇಳಲಿಲ್ಲ. ಹೇಳದೇ ಇದ್ದ ಸೂಪನ್ನ ಮಕ್ಕಳು ಜಾಸ್ತಿ ಕುಡಿದವು, ಅದರ ಬಗ್ಗೆ ಗೊಣಗಿದ್ದೂ ಕಮ್ಮಿ. 1999ರಲ್ಲಿ ಬಂದ ಇನ್ನೊಂದು ಅಧ್ಯಯನ ಇದರ ತದ್ವಿರುದ್ಧ ತುದಿ. ಕಣ್ಣೆದುರಿಗೆ ಇಟ್ಟು "ಇದು ಈಗ ಬೇಡ" ಅಂತ ತಡೆದ ತಿಂಡಿಯ ಬಗ್ಗೆಯೇ ಮಕ್ಕಳು ಮತ್ತೆ ಮತ್ತೆ ಮಾತಾಡಿದವು, ಅದಕ್ಕೇ ಕೈ ಚಾಚಿದವು. ಅಂದ್ರೆ ತಿನ್ನು ತಿನ್ನು ಅಂದಿದ್ದು ಬೇಡವಾಗುತ್ತೆ, ಕಣ್ಣೆದುರು ಇಟ್ಟು ಬೇಡ ಅಂದಿದ್ದು ಬೇಕಾಗುತ್ತೆ. ಚಿಪ್ಸ್ ಡಬ್ಬನ ಮೇಲಿನ ಶೆಲ್ಫಲ್ಲಿ ಇಟ್ಟು ದಿನಾ ಕಾವಲು ಕಾಯೋದಕ್ಕಿಂತ ಮನೆಗೇ ತರದೆ, ಹಬ್ಬಕ್ಕೋ ಭಾನುವಾರಕ್ಕೋ ಖುಷಿಯಾಗಿ ಎಲ್ಲರೂ ಕೂತು ತಿನ್ನೋದು ಎಷ್ಟೋ ಸಲೀಸು.

"ಪಲ್ಯ ತಿಂದ್ರೆ ಐಸ್‌ಕ್ರೀಮ್" ಅನ್ನೋ ಒಪ್ಪಂದವೂ ಬೇಡ. ಪಲ್ಯ ಅಂದ್ರೆ ಕೂಲಿ, ಐಸ್‌ಕ್ರೀಮ್ ಅಂದ್ರೆ ಸಂಬಳ ಅಂತ ಮಗು ಕಲಿತುಬಿಡುತ್ತೆ. ಇದರ ಬದಲು ಹೊಸ ತರಕಾರಿಯನ್ನ ಒಂದು ಚಮಚ, ಮಗುವಿಗೆ ಈಗಾಗಲೇ ಇಷ್ಟ ಇರೋ ಅನ್ನ ಸಾರಿನ ಪಕ್ಕ ಇಡಿ, ನಾವೂ ಅದನ್ನೇ ತಿನ್ನೋಣ, ಬಾಯಿ ಮುಚ್ಕೊಂಡಿರೋಣ. ಹೊಸ ರುಚಿ ಒಪ್ಪೋಕೆ ಮಕ್ಕಳಿಗೆ ಎಂಟು, ಹತ್ತು, ಕೆಲವು ಸಲ ಹದಿನೈದು ಸಲ ಬೇಕಾಗುತ್ತೆ. ನಾವು ಸಾಮಾನ್ಯವಾಗಿ ಮೂರನೇ ಸಲಕ್ಕೇ "ಇವನಿಗೆ ಬದನೆಕಾಯಿ ಇಷ್ಟ ಇಲ್ಲ" ಅಂತ ತೀರ್ಪು ಕೊಟ್ಟುಬಿಡ್ತೀವಿ. ನನ್ನ ಮಗ ಬದನೆಕಾಯಿ ಇನ್ನೂ ಪಕ್ಕಕ್ಕೆ ತಳ್ತಾನೆ. ತಳ್ಳಲಿ. ತೊಂಡೆಕಾಯಿ ತಿಂತಾನೆ.

ಮಾತಾಡದೆ ಬರೀ ವ್ಯವಸ್ಥೆ ಬದಲಾಯಿಸಿದ್ರೆ ಮಕ್ಕಳ ಊಟ ಹೇಗೆ ಬದಲಾಗುತ್ತೆ ಅನ್ನೋದಕ್ಕೆ ನಾವಿರೋ ಈ ರಾಜ್ಯದಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ನಮ್ಮ ಮಕ್ಕಳು ಹೆಚ್ಚಾಗಿ ಪ್ರೈವೇಟ್ ಸ್ಕೂಲಿಗೆ ಹೋಗೋದರಿಂದ ನಾವು ಅದನ್ನ ಗಮನಿಸೋದೇ ಇಲ್ಲ. 2020ರ ಜನವರಿಯಲ್ಲಿ ಆಂಧ್ರದ ಸರ್ಕಾರಿ ಶಾಲೆಗಳ ಮಧ್ಯಾಹ್ನದ ಊಟದ ಮೆನು ಪೂರ್ತಿ ಬದಲಾಯಿತು. ದಿನಕ್ಕೊಂದು ಊಟ, ವಾರಕ್ಕೆ ಐದು ದಿನ ಮೊಟ್ಟೆ, ಮೂರು ದಿನ ಕಡಲೆಕಾಯಿ ಬೆಲ್ಲದ ಚಿಕ್ಕಿ, ಶನಿವಾರ ಸಿಹಿ ಪೊಂಗಲ್. 2023ರ ಮಾರ್ಚ್‌ನಲ್ಲಿ ಚಿಕ್ಕಿ ಇಲ್ಲದ ಮೂರು ದಿನ ರಾಗಿ ಜಾವ, ಅಂದ್ರೆ ನಮ್ಮ ರಾಗಿ ಗಂಜಿ, ಸೇರಿತು. ಸರ್ಕಾರ ಬದಲಾದ ಮೇಲೆ, 2024ರಲ್ಲಿ, ಯೋಜನೆಗೆ ಡೊಕ್ಕಾ ಸೀತಮ್ಮನವರ ಹೆಸರು ಬಂತು. ಕೋನಸೀಮೆಯ ಲಂಕಲ ಗನ್ನವರಂನಲ್ಲಿ ಹಸಿದು ಬಂದವರಿಗೆಲ್ಲ ಅನ್ನ ಹಾಕ್ತಿದ್ದ ಹತ್ತೊಂಬತ್ತನೇ ಶತಮಾನದ ತಾಯಿ ಅವರು. 2025ರ ಜನವರಿಯಲ್ಲಿ ವಿಜಯವಾಡದ ಪಾಯಕಾಪುರಂ ಸರ್ಕಾರಿ ಜೂನಿಯರ್ ಕಾಲೇಜಿನಲ್ಲಿ ಚಾಲನೆ ಕೊಟ್ಟು, ಈ ಊಟವನ್ನ ಸರ್ಕಾರಿ ಜೂನಿಯರ್ ಕಾಲೇಜುಗಳಿಗೂ ಕೊಡೋಕೆ ಶುರು ಮಾಡಿದರು. ಪಕ್ಷ ಬದಲಾಯ್ತು, ಹೆಸರು ಬದಲಾಯ್ತು, ಮಧ್ಯಾಹ್ನದ ಊಟ ಮುಂದುವರೀತು.

ನಮ್ಮ ಕಡೆಯ ಅಕ್ಷರ ದಾಸೋಹದಲ್ಲೂ ಇದೇ ಹಾದಿ. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲು, ಆಮೇಲೆ ಮೊಟ್ಟೆ, ಮೊಟ್ಟೆ ಬೇಡದ ಮಕ್ಕಳಿಗೆ ಬಾಳೆಹಣ್ಣು ಇಲ್ಲಾ ಚಿಕ್ಕಿ, 2024ರಲ್ಲಿ ರಾಗಿ ಮಾಲ್ಟ್.

ಇದರಿಂದ ಮನೆಗೆ ತರೋ ಪಾಠ ಎರಡು. ಒಂದು, ಮೆನು ಮೊದಲೇ ಗೊತ್ತಿರುತ್ತೆ. "ಇವತ್ತು ಏನು?" ಅನ್ನೋ ಚೌಕಾಸಿ ಇಲ್ಲ. ನಮ್ಮ ಫ್ರಿಜ್ ಬಾಗಿಲ ಮೇಲೆ ಈಗ ವಾರದ ಮೆನು ಅಂಟಿಸಿದ್ದೀವಿ, ಬರೆಯೋಳು ಮಗಳು. ಎರಡು, ಅಳತೆ. ಪಿಎಂ ಪೋಷಣ್ ನಿಯಮದಲ್ಲಿ ಐದನೇ ಕ್ಲಾಸಿನವರೆಗಿನ ಮಗುವಿನ ಒಂದು ಊಟಕ್ಕೆ ಅಕ್ಕಿ ಅಥವಾ ಗೋಧಿ 100 ಗ್ರಾಂ, ಬೇಳೆ 20 ಗ್ರಾಂ, ತರಕಾರಿ 50 ಗ್ರಾಂ, ಎಣ್ಣೆ 5 ಗ್ರಾಂ. ಒಟ್ಟು 450 ಕ್ಯಾಲರಿ, 12 ಗ್ರಾಂ ಪ್ರೋಟೀನ್. ಗ್ರಾಂ ತೂಗೋದು ಬೇಡ, ಆ ಪ್ರಮಾಣ ನೆನಪಿಟ್ಕೊಳ್ಳಿ: ಅಕ್ಕಿಯ ಅರ್ಧದಷ್ಟು ತರಕಾರಿ, ಐದನೇ ಒಂದು ಭಾಗ ಬೇಳೆ. ಈಗ ನಮ್ಮ ಮಕ್ಕಳ ಡಬ್ಬಿ ತೆರೆದು ನೋಡೋಣ. ಸೋಮವಾರ ಚಿತ್ರಾನ್ನ, ಮಂಗಳವಾರ ಪುಳಿಯೋಗರೆ, ಬುಧವಾರ ಟೊಮ್ಯಾಟೊ ಬಾತ್. ಎಲ್ಲ ಅನ್ನವೇ! ಈ ಪಟ್ಟಿಯಲ್ಲಿ ಬೇಳೆ ತರಕಾರಿ ಎಲ್ಲಿದೆ? ಬೆಳಗ್ಗೆ ಆರೂವರೆಗೆ ಬೇಗ ಆಗೋದು ಅದೇ, ನಿಜ. ಆದ್ರೆ ಅದೇ ಕುಕ್ಕರಲ್ಲಿ ಹೆಸರುಬೇಳೆ, ಕ್ಯಾರೆಟ್ಟು, ಬೀನ್ಸು ಹಾಕಿ ಖಾರದ ಪೊಂಗಲ್ ಮಾಡೋಕೂ ಅಷ್ಟೇ ಹೊತ್ತು.

ಇನ್ನು ಸಕ್ಕರೆ. 2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ "ಶುಗರ್ ಬೋರ್ಡ್" ಹಾಕಿ ಅಂತ ಸುತ್ತೋಲೆ ಕಳಿಸ್ತು. ಅದರ ಪ್ರಕಾರ 4ರಿಂದ 10 ವರ್ಷದ ಮಕ್ಕಳ ದಿನದ ಕ್ಯಾಲರಿಯಲ್ಲಿ ಶೇಕಡ 13ರಷ್ಟು, 11ರಿಂದ 18 ವರ್ಷದವರಲ್ಲಿ ಶೇಕಡ 15ರಷ್ಟು ಸಕ್ಕರೆಯಿಂದಲೇ ಬರ್ತಿದೆ. ಇರಬೇಕಾದ್ದು ಶೇಕಡ 5. ಲೆಕ್ಕ ಹಾಕಿ: ಎಂಟು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1,700 ಕ್ಯಾಲರಿ. ಅದರ ಶೇಕಡ 5 ಅಂದ್ರೆ 85 ಕ್ಯಾಲರಿ, ಸುಮಾರು 21 ಗ್ರಾಂ, ಐದು ಟೀ ಚಮಚ. ಒಂದು 300 ಮಿಲಿಲೀಟರ್ ಕೋಲಾದಲ್ಲೇ ಸುಮಾರು 30 ಗ್ರಾಂ ಹೋಯ್ತು. ಹಾಲಿಗೆ ಹಾಕೋ ಚಾಕೊಲೇಟ್ ಪುಡಿಗಳ ಡಬ್ಬ ತಿರುಗಿಸಿ ನೋಡಿ, ಕೆಲವದರಲ್ಲಿ ಮೂರನೇ ಒಂದು ಭಾಗ ಸಕ್ಕರೆ ಇರುತ್ತೆ. "ಹೆಲ್ತ್ ಡ್ರಿಂಕ್" ಅನ್ನೋ ಪದಕ್ಕೆ ನಮ್ಮ ಆಹಾರ ಕಾನೂನಲ್ಲಿ ಅರ್ಥವೇ ಇಲ್ಲ, ಅದಕ್ಕೇ 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಆ ವಿಭಾಗದಿಂದ ಇಂಥ ಪಾನೀಯಗಳನ್ನ ತೆಗೀರಿ ಅಂತ ಹೇಳಿದ್ದು. ಪ್ಯಾಕೆಟ್ ಹಿಂದಿನ ಪಟ್ಟಿಯಲ್ಲಿ ಯಾವುದು ಜಾಸ್ತಿ ಇದೆಯೋ ಅದು ಮೊದಲು ಬರುತ್ತೆ. ಮೊದಲ ಮೂರರಲ್ಲಿ ಸಕ್ಕರೆ ಇದ್ರೆ ಅದು ಸಿಹಿತಿಂಡಿ, ಹೆಸರು ಏನೇ ಇರಲಿ. ಓದೋಕೆ ಬರೋ ಮಕ್ಕಳ ಕೈಗೇ ಪ್ಯಾಕೆಟ್ ಕೊಟ್ಟು ಓದಿಸಿ. ಅವರಿಗೆ ಪತ್ತೇದಾರಿ ಕೆಲಸ ಇಷ್ಟ. ಇನ್ನೊಂದು ವಿಷಯ, ಕೊಬ್ಬು, ಸಕ್ಕರೆ, ಉಪ್ಪು ಜಾಸ್ತಿ ಇರೋ ತಿನಿಸನ್ನ ಶಾಲೆಯೊಳಗೆ ಮತ್ತೆ ಗೇಟಿನಿಂದ 50 ಮೀಟರ್ ಒಳಗೆ ಮಾರುವ ಹಾಗಿಲ್ಲ ಅಂತ ಎಫ್‌ಎಸ್‌ಎಸ್‌ಎಐನ 2020ರ ನಿಯಮ ಇದೆ. ಪೇರೆಂಟ್ಸ್ ಮೀಟಿಂಗಲ್ಲಿ ಮಾರ್ಕ್ಸ್ ಬಗ್ಗೆ ಕೇಳೋ ಜೊತೆಗೆ ಇದನ್ನೂ ಕೇಳಬಹುದು.

ಕೊನೆಯದಾಗಿ, ಊರು ಬಿಟ್ಟು ಬಂದ ನಮಗೇ ಇರೋ ಒಂದು ವಿಷಯ. ಊಟ ನಮಗೆ ಬರೀ ಊಟ ಅಲ್ಲ. ವಿಡಿಯೊ ಕಾಲಲ್ಲಿ ಅಜ್ಜಿ "ಮುದ್ದೆ ತಿಂದ್ಯೇನೋ?" ಅಂತ ಕೇಳ್ತಾರೆ. ಮಗ "ಪಪ್ಪು ಅನ್ನಂ" ಅಂತಾನೆ. ನಮಗೆ ಒಳಗೆ ಏನೋ ಚುರ್ ಅನ್ನುತ್ತೆ, ನಮ್ಮೂರಿನ ಊಟ ಕೈಬಿಟ್ಟು ಹೋಗ್ತಿದೆ ಅಂತ. ಆ ಸಂಕಟ ತಟ್ಟೆಗೆ ಬಂದ್ರೆ ಮುದ್ದೆ ಮಗುವಿಗೆ ಪರೀಕ್ಷೆ ಆಗುತ್ತೆ. ಶಾಲೆಯಲ್ಲಿ ಗೆಳೆಯರು ತಿನ್ನೋದನ್ನ ತಿನ್ನಬೇಕು ಅನ್ನೋ ಆಸೆ ಆ ವಯಸ್ಸಿಗೆ ಸಹಜ. ಪಪ್ಪು ಅಂದ್ರೇನು? ತೊವ್ವೆ ತಾನೆ. ಅದಕ್ಕೆ ತೋಟಕೂರ ಹಾಕಿದ್ರೆ ನಮ್ಮ ದಂಟಿನ ಸೊಪ್ಪು, ಬಚ್ಚಲಿಕೂರ ಹಾಕಿದ್ರೆ ಮಂಗಳೂರು ಕಡೆಯವರ ಬಸಳೆ. ವಿಜಯವಾಡಕ್ಕೆ ಬಂದ ಮೊದಲ ವಾರ ನನ್ನ ಹೆಂಡತಿ ಪಟಮಟ ರೈತು ಬಜಾರಲ್ಲಿ ಗೋಂಗೂರ ಕಟ್ಟು ನೋಡಿ "ಇದು ನಮ್ಮ ಪುಂಡಿಪಲ್ಯ ರೀ!" ಅಂತ ನಾಲ್ಕು ಕಟ್ಟು ತಗೊಂಡ್ರು. ರಾಯಲಸೀಮೆಯ ರಾಗಿ ಸಂಗಟಿ ನಮ್ಮ ಮುದ್ದೆಗೆ ಸ್ವಂತ ತಮ್ಮ. ವಿಶಾಖಪಟ್ಟಣ, ವಿಜಯನಗರಂ ಕಡೆ ರಾಗಿಗೆ ಚೋಡಿ ಅಂತಾರೆ, ಚೋಡಿ ಅಂಬಲಿ ಇಲ್ಲಿನ ಬೇಸಿಗೆಯ ಹಳೇ ಊಟ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಯಾವ ಹೆಸರಿಂದ ಕರೆದರೂ ಅಷ್ಟೇ ಇರುತ್ತೆ.

ರೈತು ಬಜಾರು 1999ರ ಜನವರಿ 26ರಿಂದ ಈ ರಾಜ್ಯದಲ್ಲಿ ನಡೀತಿದೆ. ರೈತರು ನೇರ ಮಾರ್ತಾರೆ, ದರ ಬೋರ್ಡಲ್ಲಿ ಬರೆದಿರುತ್ತೆ. ವಿಶಾಖದಲ್ಲಿ ನಾವು ಎಂವಿಪಿ ಕಾಲನಿಯದಕ್ಕೆ ಹೋಗ್ತೀವಿ. ಮಕ್ಕಳಿಬ್ಬರೂ ಒಂದೊಂದು ತರಕಾರಿ ಆರಿಸಬೇಕು, ದರ ಓದಬೇಕು, ಚಿಲ್ಲರೆ ಎಣಿಸಬೇಕು. ಆರಿಸಿದವರೇ ಮನೇಲಿ ತೊಳೆದು ಬಿಡಿಸಬೇಕು. ತಾನೇ ಬಿಡಿಸಿದ ಬಟಾಣಿಯನ್ನ ಮಗು ಬೇಡ ಅನ್ನೋದು ಅಪರೂಪ, ಅರ್ಧ ಹಸಿಯಾಗೇ ಖಾಲಿಯಾಗಿರುತ್ತೆ! ತೆಲುಗು ಬಟಾಣಿ, ಕನ್ನಡ ಬಟಾಣಿ ಎರಡೂ ಒಂದೇ ಅಂತ ಅಲ್ಲೇ ಗೊತ್ತಾಗುತ್ತೆ.

ಮೂರು ತಿಂಗಳಾದ ಮೇಲೆ ಮಗಳ ಹಿಮೋಗ್ಲೋಬಿನ್ 11.9 ಬಂತು. ಅದರಲ್ಲಿ ಸಿರಪ್‌ನ ಪಾಲು ದೊಡ್ಡದು, ಅದನ್ನ ಊಟದ ಲೆಕ್ಕಕ್ಕೆ ಬರ್ಕೊಳಲ್ಲ. ನಿಮ್ಮ ಮಗುವಿಗೆ ಸುಸ್ತು, ತೂಕ ಇಳಿಯೋದು ಏನಾದ್ರೂ ಇದ್ರೆ ಡಾಕ್ಟರ ಹತ್ತಿರವೇ ಹೋಗಿ, ವಿಡಿಯೊ ನೋಡ್ತಾ ಕೂರಬೇಡಿ. ಆದರೆ ಸಿರಪ್ ಮೂರು ತಿಂಗಳಿಗೆ ನಿಲ್ಲುತ್ತೆ, ಊಟ ನಿಲ್ಲಲ್ಲ. ಡಬ್ಬಿ ಈಗ ವಾರಕ್ಕೆ ನಾಲ್ಕು ದಿನ ಖಾಲಿ ಬರ್ತಿದೆ. ಅದು ಊಟದ ಲೆಕ್ಕ.

ಈ ವಾರ ಎಲ್ಲ ಒಟ್ಟಿಗೆ ಮಾಡೋಕೆ ಹೋಗಬೇಡಿ. ಏಳು ದಿನ ಬರೆದಿಡಿ, ಮಗು ತಿಂದಿದ್ದು ಮಾತ್ರ. ಆಮೇಲೆ ಸಂಜೆ ನಾಲ್ಕೂವರೆ ಒಂದನ್ನೇ ಸರಿ ಮಾಡಿ. ಇವತ್ತು ರಾತ್ರಿ ಮಲಗೋ ಮುಂಚೆ ಒಂದು ಬಟ್ಟಲು ಕಾಳು ನೆನೆ ಹಾಕಿದ್ರೆ ನಾಳೆಯಿಂದಲೇ ಶುರು. ನಿಮ್ಮ ಮನೆಯ ಲಾಗಲ್ಲಿ ಏನು ಕಾಣ್ತು ಅಂತ ನನಗೂ ತಿಳಿಸಿ.